ಕೃಷ್ಣಮೃಗದ ಮರಿಗೆ ಬಳಕೆಯ ಕೈಪಿಡಿ

ಮೈದನಹಳ್ಳಿಯ ಹುಲ್ಲಿನಲ್ಲಿ ಈಗಷ್ಟೇ ಕಣ್ಣುಬಿಟ್ಟ ಮರಿಯೇ, ಮೊದಲು ಸಾಮಾನು ಎಣಿಸಿಕೋ. ಕಾಲು ನಾಲ್ಕು, ತಾಯಿ ಒಂದು, ಹಿಂಡು ಒಂದು. ಕೊಂಬು ಗಂಡಿಗೆ ಮಾತ್ರ, ಅದೂ ನಿಧಾನವಾಗಿ ಬರುತ್ತದೆ. ಮಧುಗಿರಿ ತಾಲ್ಲೂಕಿನ ಈ 798 ಎಕರೆ 2007ರಿಂದ ನಿಮಗೆಂದೇ ಮೀಸಲು. ಕೈಪಿಡಿ ಬರೆಯುತ್ತಿರುವ ನಾನು ಬೆಂಗಳೂರಿನ ಬಸವೇಶ್ವರನಗರದವನು, ಓಡಿ ಅಭ್ಯಾಸವಿಲ್ಲ.

ಮೊದಲ ಕೆಲವು ದಿನ: ಹುಲ್ಲಲ್ಲಿ ಮಲಗು. ಅಲ್ಲಾಡಬೇಡ. ತಾಯಿ ದೂರದಲ್ಲಿ ಮೇಯುತ್ತಿದ್ದರೆ ಬಿಟ್ಟುಹೋದಳೆಂದು ಅಳಬೇಡ, ಹಾಲಿನ ಹೊತ್ತಿಗೆ ಬರುತ್ತಾಳೆ. ಆರ್ಕ್ಟಿಕ್‌ನ ಹಿಮಸಾರಂಗದ ಮರಿಗೆ ಈ ಸೌಕರ್ಯವಿಲ್ಲ. ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ತಾಯಿಯ ಬೆನ್ನು ಹಿಡಿಯಬೇಕು. ಆದರೆ ಅಲ್ಲಿ ಬಹುಪಾಲು ತಾಯಂದಿರು ಒಂದೆರಡು ವಾರದೊಳಗೇ ಹೆರುತ್ತಾರೆ. ಒಂದೇ ಸಲ ಅಷ್ಟು ಮರಿ ಬಿದ್ದರೆ ತೋಳ ತಾನೇ ಎಷ್ಟು ತಿಂದೀತು?

ಅಲಾರಂ: ಹಿಂಡಿನಲ್ಲಿ ಒಬ್ಬಳು ಚಂಗನೆ ಮೇಲಕ್ಕೆ ನೆಗೆದರೆ ನೀನೂ ನೆಗೆ. ಕಾರಣ ಆಮೇಲೆ ಕೇಳು. ನೆಗೆದಾದ ಮೇಲೆ ಓಟ. ದೊಡ್ಡವನಾದರೆ ಗಂಟೆಗೆ 80 ಕಿ.ಮೀ. ಹತ್ತಿರ ಹೋಗುತ್ತೀಯ. ಮಾಗಡಿ ರಸ್ತೆಯಲ್ಲಿ ನಾವು ಆ ಅಂಕಿಯನ್ನು ಸ್ಪೀಡೋಮೀಟರಿನ ಮೇಲೆ ಬರೆದದ್ದಷ್ಟೇ ನೋಡಿದ್ದೇವೆ. ತೋಳದಿಂದ ತಪ್ಪಿಸಿಕೊಳ್ಳಲು ಇಷ್ಟೊಂದು ಬೇಡ. ಈ ಎಂಜಿನ್ ಚೀತಾ ಲೆಕ್ಕಕ್ಕೆ ಕೂರಿಸಿದ್ದು ಎನ್ನುತ್ತಾರೆ ಬಲ್ಲವರು. ಆ ಚೀತಾಗಳು 1952ರ ಹೊತ್ತಿಗೆ ದೇಶದಲ್ಲೇ ಇಲ್ಲವೆಂದಾಯಿತು. ಈಗ ಕೂನೋದಲ್ಲಿರುವುದು ಆಫ್ರಿಕಾದ ಮಾಲು. ನಿನಗೆ ಮಾತ್ರ ಹಳೆಯ ಎಂಜಿನ್ನೇ ಬಂದಿದೆ, ಇಟ್ಟುಕೋ.

ವಾರಂಟಿ: ಹಿಂಡು ಬಿಟ್ಟು, ಹಿಕ್ಕೆ ರಾಶಿ ಹಾಕಿ, ಇದು ನನ್ನ ಸೈಟು ಎಂದು ಒಬ್ಬನೇ ಕಾಯುತ್ತ ನಿಲ್ಲುವ ಗಂಡಿಗೆ ಅನ್ವಯಿಸುವುದಿಲ್ಲ. (ರಾಜಾಜಿನಗರದಲ್ಲಿ ಇಂಥವರು ನೂರು ವರ್ಷ ಬದುಕುತ್ತಾರೆ. ಅದು ಬೇರೆ ವಿಷಯ.)

ನಾಯಿ: ಹಳೆಯ ಮುದ್ರಣದಲ್ಲಿ ಈ ಪುಟವೇ ಇಲ್ಲ. ಊರಲ್ಲಿ ನಮ್ಮ ಎಂಜಲು ತಿಂದ ನಾಯಿ ಹೊಟ್ಟೆ ತುಂಬಿದ್ದರೂ ಅಟ್ಟಿಸಿಕೊಂಡು ಬಂದೀತು. ನನ್ನ ಅನುಭವ ಹೇಳುತ್ತೇನೆ. ಮೆಟ್ರೋ ಇಳಿದು ಹಾವನೂರು ವೃತ್ತದ ಕಡೆ ಬರುತ್ತಿದ್ದೆ. ರಾತ್ರಿ ಹನ್ನೊಂದು. ಪಾರ್ಕು ಮಾಡಿದ ಕಾರಿನಡಿಯಿಂದ ನಾಲ್ಕು ನಾಯಿ ಎದ್ದವು. ಷಟರ್ ಎಳೆಯುತ್ತಿದ್ದ ಬೇಕರಿಯವರು ಕೂಗಿದರು: "ಓಡ್ಬೇಡಿ ಸಾರ್, ಸುಮ್ನೆ ನಿಂತ್ಕೊಳಿ!" ನಿಂತೆ. ಪ್ಯಾಂಟು ಮೂಸಿದವು, ಕೈಯಲ್ಲಿದ್ದ ಬ್ರೆಡ್ಡು ಮೂಸಿದವು, ಬೇಸರವಾಗಿ ವಾಪಸ್ಸು ಹೋದವು.

ನಿಲ್ಲು ಎಂದು ನಿನಗೆ ಹೇಳಲು ಧೈರ್ಯ ಸಾಲದು. ಆರ್ಕ್ಟಿಕ್‌ನ ಮಸ್ಕ್ ಆಕ್ಸ್‌ಗಳು ಮರಿಗಳನ್ನು ಹಿಂದಿಟ್ಟುಕೊಂಡು, ಕೊಂಬು ಹೊರಗೆ ಮಾಡಿ, ಸುತ್ತುಗಟ್ಟಿ ನಿಲ್ಲುತ್ತವೆ. ತೋಳಗಳೆದುರು ಅದು ನಡೆಯಿತು. ಮನುಷ್ಯ ನಾಯಿ, ಬಂದೂಕು ಹಿಡಿದು ಬಂದಾಗ ನಿಂತಲ್ಲೇ ಸತ್ತವು.

ನೀನು ಓಡು. ಓಡಲಾರದಷ್ಟು ಚಿಕ್ಕವನಿರುವಾಗ ನಾಯಿ ಬಂದರೆ ಮೊದಲ ಸೂಚನೆಗೆ ಹೋಗು: ಹುಲ್ಲಲ್ಲಿ ಮಲಗು, ಅಲ್ಲಾಡಬೇಡ. ಬೇಕರಿಯವರು ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.