ಕಾರು ತಗ್ಗಿಸುವ ಚಪಲ

ಕಬ್ಬಿನ ಸುಗ್ಗಿ ಶುರುವಾದರೆ ಸಾಕು, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಕೃಪೆಯಿಂದ ಮಸಗುಪ್ಪಿ ರಸ್ತೆಗೆ ಹೊಸ ತಗ್ಗುಗಳು ಹುಟ್ಟುತ್ತವೆ. ಇಂಥ ಊರಲ್ಲಿ ಕುಂತು ನಮ್ಮ ಅಣ್ಣನ ಮಗ ರೇಸ್ ಕಾರಿನ ಸಸ್ಪೆನ್ಷನ್ ಪಾಠ ಹೇಳುತ್ತಾನೆ.

"ಕಾಕಾ, ಸ್ಪ್ರಿಂಗ್ ಬಿರುಸು ಮಾಡಿ ಗಾಡಿ ನೆಲಕ್ಕ ತಗ್ಗಿಸಬೇಕ್ರಿ. ತಿರುವಿನಾಗ ವಾಲೂದಿಲ್ಲ."

"ಅಷ್ಟ ತಗ್ಗಿಸಿದ್ರ ನಮ್ಮ ಓಣಿ ಹಂಪ್ ದಾಟೂದು ಹ್ಯಾಂಗಪಾ?"

"ಇದು ಟ್ರ್ಯಾಕಿಗೆ ಅಷ್ಟರೀ!"

ಟ್ರ್ಯಾಕ್ ಇರುವುದು ಚೆನ್ನೈ ಹತ್ತಿರದ ಇರುಂಗಾಟುಕೋಟೈಯಲ್ಲಿ. ಅಲ್ಲಿತನಕ ಹೋಗಬೇಕಾದದ್ದು ಮಾತ್ರ ಈ ಹಂಪ್ ದಾಟಿಯೇ.

ಮುಂದಿನ ಪಾಠ ಕ್ಯಾಂಬರ್. ಚಕ್ರದ ತಲೆಯನ್ನು ತುಸು ಒಳಕ್ಕೆ ವಾಲಿಸಿಟ್ಟರೆ, ತಿರುವಿನಲ್ಲಿ ಕಾರು ಒರಗಿದಾಗ ಹೊರಬದಿಯ ಟೈರು ಸಪಾಟಾಗಿ ನೆಲ ಹಿಡಿಯುತ್ತದೆ. ನಮ್ಮ ಹಳೇ ಟ್ರೇಲರಿನ ಚಕ್ರ ಬೇರಿಂಗ್ ಸವೆದು ವರ್ಷಗಳಿಂದ ಹೀಗೇ ವಾಲಿದೆ. ಅದಕ್ಕೆ ಇಷ್ಟು ಮರ್ಯಾದೆಯ ಹೆಸರಿದೆಯೆಂದು ಯಾವ ಮಿಸ್ತ್ರಿಯೂ ಹೇಳಿರಲಿಲ್ಲ.

ಬಿರುಸು ಅತಿಯಾದರೂ ಕಷ್ಟವೇ. 2022ರಲ್ಲಿ ಫಾರ್ಮುಲಾ ಒನ್ ಕಾರುಗಳು ನೆಲಕ್ಕಂಟಿ ಓಡುತ್ತಾ ಕುಪ್ಪಳಿಸತೊಡಗಿ, ಬಾಕು ರೇಸಿನಲ್ಲಿ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಇಳಿದರು. ಕೋಟಿಗಟ್ಟಲೆ ಸುರಿದು ಪಡೆದ ಆ ಬೆನ್ನುನೋವು, ನಮಗೆ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕುಂತು ಮೂಡಲಗಿಗೆ ಹೋಗಿಬಂದರೆ ಪುಕ್ಕಟೆ.

"ನಮ್ಮ ಎತ್ತಿನ ಗಾಡಾ ಶರ್ಯತ್ತಿನ ಗಾಡಿ ನೋಡ. ಸ್ಪ್ರಿಂಗೂ ಇಲ್ಲ, ಏನೂ ಇಲ್ಲ. ಹೊಡಿಯಾಂವನ ಮೊಣಕಾಲೇ ಶಾಕ್ ಅಬ್ಸಾರ್ಬರ್," ಎಂದೆ.

ಹುಡುಗ ಗಂಭೀರವಾಗಿ ಯೋಚಿಸಿ ಕೇಳಿದ: "ಅದಕ್ಕ ಅಡ್ಜಸ್ಟ್ ಮಾಡೂ ನಟ್ ಎಲ್ಲೈತ್ರಿ?"