ಒಳ್ಳೆ ಮಾತು ನೀವು ತನ್ನಿ, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ

(ಒಂದು ಮಂತ್ರದ ಪಾನೀಯದೊಂದಿಗೆ ಕಾಲ್ಪನಿಕ ಸಂದರ್ಶನ)

ಜರ್ಮನಿಯ ಮಿಖಾಯೆಲ್ ಎಂಡೆ ಎಂದರೆ 'ಮೋಮೊ' (1973) ಮತ್ತು 'ಮುಗಿಯದ ಕಥೆ' (1979) ಬರೆದವರು ಎಂದು ಜಗತ್ತಿಗೆ ಗೊತ್ತು. 1989ರಲ್ಲಿ ಅವರು ಮಕ್ಕಳಿಗಾಗಿ ಬರೆದ ನಗೆ ಕಾದಂಬರಿಯ ಹೆಸರು ಹೇಳಲು ಹೋಗಿ ನಾಲಿಗೆ ಕಚ್ಚಿಕೊಳ್ಳದ ಜರ್ಮನರು ಕಡಿಮೆ. ಸೈತಾನ, ಸುಳ್ಳು, ಮದ್ಯ, ನರಕ ಎಲ್ಲವನ್ನೂ ಒಂದೇ ಪದಕ್ಕೆ ತುರುಕಿ, ಕೊನೆಗೆ 'ಬಯಕೆಯ ಪಂಚ್' ಎಂದು ಬಾಲ ಕಟ್ಟಿದ್ದಾರೆ. ಇಂಗ್ಲಿಷಿಗೆ ತಂದವರು ಆ ಗೊಡವೆಯೇ ಬೇಡವೆಂದು 'ದಿ ನೈಟ್ ಆಫ್ ವಿಷಸ್' ಎಂದು ಕರೆದು ಪಾರಾದರು.

ಕಥೆ ಡಿಸೆಂಬರ್ 31ರ ಸಂಜೆ ಐದಕ್ಕೆ ಶುರುವಾಗಿ ನಡುರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ಒಬ್ಬ ಮಾಂತ್ರಿಕ, ಅವನ ಮಾಟಗಾತಿ ಸೋದರತ್ತೆ, ಅವರ ಮೇಲೆ ಕಣ್ಣಿಡಲು ಬಂದ ಒಂದು ಬೆಕ್ಕು, ಒಂದು ಕಾಗೆ. ಇವರೆಲ್ಲರ ನಡುವೆ ಕುದಿಯುವ ಪಂಚ್ ಎಂಬ ಮಾಯದ ಮದ್ಯ. ಕಾದಂಬರಿಯ ಪ್ರಕಾರ ಅತ್ತೆ, ಅಳಿಯ ಇಬ್ಬರೂ ಅದನ್ನು ಪೂರ್ತಿ ಹೀರಿ ಉರುಳಿಬಿದ್ದರು. ಬೋಗುಣಿಯ ತಳದಲ್ಲಿ ಅರ್ಧ ಸೌಟು ಉಳಿದಿತ್ತು ಎಂಬುದು ನಮ್ಮ ಪತ್ರಿಕೆಗೆ ಮಾತ್ರ ಸಿಕ್ಕ ಸುದ್ದಿ.

ಪತ್ರಿಕೆ: ನಮಸ್ಕಾರ. ಹೇಗಿದ್ದೀರಿ?

ಪಂಚ್: ಹೇಗಿರೋದು? ಮೂವತ್ತು ವರ್ಷದ ಮೇಲಾಯಿತು, ತಳ ಹಿಡಿದು ಕೂತಿದ್ದೇನೆ. ಯಜಮಾನರನ್ನು ಅಮೀನ ಜಪ್ತಿ ಮಾಡಿಕೊಂಡು ಹೋದ ಮನೆಯಲ್ಲಿ ಪಾತ್ರೆ ತೊಳೆಯೋಕೆ ಯಾರಿರ್ತಾರೆ?

ಪತ್ರಿಕೆ: ಅಮೀನ ಎಂದರೆ ಕೋರ್ಟಿನವರೇ?

ಪಂಚ್: ನರಕದವನು. ಮಾಲೆಡಿಕ್ಟುಸ್ ಮಾಡೆ ಅಂತ ಹೆಸರು. ಕಪ್ಪು ಕೋಟು, ಕೈಲಿ ಕಾಗದಪತ್ರ, ಬಾಯಲ್ಲಿ ಬಹಳ ಮರ್ಯಾದೆ. ಪರಮ ಅಂಧಕಾರ ಖಾತೆಯ ಮಂತ್ರಿಗಳು ಕಳಿಸಿದ್ದರು. ನಮ್ಮ ಯಜಮಾನ ಬೆಯೆಲ್ಜೆಬುಬ್ ಇರ್‌ವಿಟ್ಸರ್‌ಗೆ ಮಂತ್ರಶಕ್ತಿ ಪುಕ್ಕಟೆ ಬಂದದ್ದಲ್ಲ, ಕರಾರಿನ ಮೇಲೆ ಬಂದದ್ದು. ವರ್ಷಕ್ಕೆ ಇಷ್ಟು ಪ್ರಾಣಿಜಾತಿ ನಿರ್ನಾಮ ಆಗಬೇಕು, ಇಷ್ಟು ನದಿಗೆ ವಿಷ ಬೀಳಬೇಕು, ಇಷ್ಟು ಮರ ಒಣಗಬೇಕು, ಹೊಸ ರೋಗ ಒಂದಾದರೂ ಬರಬೇಕು, ಹವಾಮಾನ ಕೆಡಬೇಕು. ಎಲ್ಲಕ್ಕೂ ಲೆಕ್ಕ ಉಂಟು. ವರ್ಷ ಮುಗಿಯುತ್ತಾ ಬಂದರೂ ಈತನ ಟಾರ್ಗೆಟ್ ಅರ್ಧಕ್ಕರ್ಧ ಬಾಕಿ. ನಿಮ್ಮ ಕಡೆ ಮಾರ್ಚ್ 31ಕ್ಕೆ ರಾತ್ರೋರಾತ್ರಿ ರಸ್ತೆಗೆ ಟಾರು ಬೀಳುತ್ತಂತಲ್ಲ, ಇಲ್ಲಿ ಡಿಸೆಂಬರ್ 31.

ಪತ್ರಿಕೆ: ಇಷ್ಟು ದುಷ್ಟ ಮನುಷ್ಯ ಹಿಂದೆ ಬಿದ್ದದ್ದಾದರೂ ಹೇಗೆ?

ಪಂಚ್: ಮನೆಯಲ್ಲಿ ಬೆಕ್ಕಿತ್ತಲ್ಲ! ಪ್ರಾಣಿಗಳ ಪರಿಷತ್ತಿಗೆ ಅನುಮಾನ ಬಂದು ಗೂಢಚಾರನಾಗಿ ಕಳಿಸಿದ್ದರು. ಅದರೆದುರು ನೇರವಾಗಿ ನದಿಗೆ ವಿಷ ಹಾಕುವ ಹಾಗಿಲ್ಲ. ಯಜಮಾನ ಉಪಾಯ ಮಾಡಿದ. ಹೊಟ್ಟೆ ಬಿರಿಯೆ ತಿನ್ನಿಸಿ, ಮೆತ್ತನೆ ಹಾಸಿಗೆ ಹಾಸಿ, ಮಲಗಿಸಿಯೇ ಇಟ್ಟ. ಮೌರಿಟ್ಸಿಯೊ ದಿ ಮೌರೊ ಅಂತ ದೊಡ್ಡ ಹೆಸರು ಹೇಳಿಕೊಂಡು, ತಾನು ಗಾಯಕರ ಮನೆತನ ಅಂತ ಮೆರೆಯುತ್ತಿದ್ದ ಬೀದಿಬೆಕ್ಕು ಅದು. ಯಜಮಾನರಂಥ ಪ್ರಾಣಿದಯೆಯವರು ಇನ್ನಿಲ್ಲ ಅಂತ ಮೇಲಿನವರಿಗೆ ಆಣೆ ಮಾಡಿ ಹೇಳೋಕೂ ತಯಾರಿತ್ತು. ತನಿಖೆಗೆ ಬಂದವರಿಗೆ ಊಟ ಹಾಕಿದರೆ ಏನಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕೇ?

ಪತ್ರಿಕೆ: ಕಾಗೆ?

ಪಂಚ್: ಯಾಕೊಬ್ ಕ್ರಾಕೆಲ್. ಅದು ಪರಿಷತ್ತು ಅತ್ತೆಯ ಮನೆಗೆ ಕಳಿಸಿದ ಗೂಢಚಾರ. ಕೀಲುನೋವು, ಗೊಣಗಾಟ, ಎಲ್ಲದರಲ್ಲೂ ಕೆಟ್ಟದ್ದೇ ಆಗುತ್ತೆ ಅನ್ನೋ ಸ್ವಭಾವ. ಊಟದಿಂದ ಒಲಿಯೋ ಜಾತಿಯಲ್ಲ. ಆ ಮುದುಕ ಕಾಗೆ ಬರದೇ ಇದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಪತ್ರಿಕೆ: ಅತ್ತೆಯ ಬಗ್ಗೆ ಹೇಳಲೇ ಇಲ್ಲ.

ಪಂಚ್: ತಿರಾನ್ಯಾ ವಾಂಪರ್ಲ್. ಹಣದ ಮಾಟಗಾತಿ. ಅಳಿಯ ಪ್ರಯೋಗಶಾಲೆಯಲ್ಲಿ ಕೆಡಿಸೋದನ್ನು ಆಕೆ ಕಂಪನಿ ಕಟ್ಟಿ ಕೆಡಿಸುತ್ತಾಳೆ. ನನ್ನ ತಯಾರಿಯ ವಿಧಾನ ಬರೆದ ಚರ್ಮದ ಸುರುಳಿ ಎರಡು ತುಂಡಾಗಿ, ಒಂದು ಆಕೆ ಹತ್ತಿರ, ಇನ್ನೊಂದು ಈತನ ಹತ್ತಿರ ಇತ್ತು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ, ಒಬ್ಬರಿಲ್ಲದೆ ಒಬ್ಬರಿಗೆ ನಡೆಯೋದಿಲ್ಲ. ಹಿರಿಯರ ಆಸ್ತಿ ಪಾಲಾದ ಮನೆಗಳನ್ನು ನೀವು ನೋಡಿರ್ತೀರಿ.

ಪತ್ರಿಕೆ: ಸರಿ, ನೀವು ಕೆಲಸ ಮಾಡುವ ಬಗೆ ಹೇಗೆ?

ಪಂಚ್: ಒಂದು ಗ್ಲಾಸ್ ಕುಡಿಯಬೇಕು, ಒಂದು ಬಯಕೆ ಹೇಳಬೇಕು. ಬಯಕೆ ಒಳ್ಳೆಯದೇ ಆಗಿರಬೇಕು, ನೆನಪಿಡಿ. ಕಾಡು ಹಸಿರಾಗಲಿ ಅಂದರೆ ಕಾಡು ಒಣಗುತ್ತೆ. ನದಿ ತಿಳಿಯಾಗಲಿ ಅಂದರೆ ನದಿ ಕಪ್ಪಾಗುತ್ತೆ. ನಾನು ಮಾತನ್ನು ತಿರುವುಮುರುವು ಮಾಡಿ ಈಡೇರಿಸುತ್ತೇನೆ. ಎದುರಿಗೆ ಕೂತ ಬೆಕ್ಕು, ಕಾಗೆ ಕೇಳಿಸಿಕೊಳ್ಳುವುದು ಮಾತನ್ನು ಮಾತ್ರ. ವರದಿಯಲ್ಲಿ ಬರೆಯುವುದೂ ಅದನ್ನೇ: 'ಮಾನ್ಯರು ಇಂದು ಕಾಡಿನ ಒಳಿತಿಗಾಗಿ ಪ್ರಾರ್ಥಿಸಿದರು.'

ಪತ್ರಿಕೆ: ನೇರವಾಗಿ 'ಕಾಡು ಸಾಯಲಿ' ಅಂತ ಶಾಪ ಹಾಕುವುದು ಸುಲಭವಲ್ಲವೇ?

ಪಂಚ್: (ಎರಡು ಗುಳ್ಳೆ ಬಿಟ್ಟು) ನೀವು ಹಳೆ ಕಾಲದ ಮಾಟಮಂತ್ರದ ಕಥೆ ಓದಿ ಬಂದವರು. ಮಸಣ, ತಲೆಬುರುಡೆ, ಕುಂಕುಮ, ನಿಂಬೆಹಣ್ಣು. ಅದರಿಂದ ಒಬ್ಬನನ್ನೋ ಇಬ್ಬರನ್ನೋ ಹೆದರಿಸಬಹುದು. ನದಿಯನ್ನೇ ಕೊಲ್ಲಬೇಕಾದರೆ ಮೊದಲು ನದಿ ದಂಡೆಯಲ್ಲಿ ಒಂದು ಸಮಾರಂಭ ಮಾಡಬೇಕು, ದೀಪ ಬೆಳಗಬೇಕು, ನದಿ ನಮ್ಮ ತಾಯಿ ಅನ್ನಬೇಕು. ಇಷ್ಟನ್ನು ಕಂಡುಹಿಡಿದದ್ದೇ ಎಂಡೆಯವರ ಬುದ್ಧಿವಂತಿಕೆ. ಅವರ ಪುಸ್ತಕದಲ್ಲಿ ದುಷ್ಟರು ಕೊನೆಯ ಪುಟಗಳವರೆಗೂ ಒಂದು ಕೆಟ್ಟ ಬಯಕೆಯನ್ನೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ದೊಡ್ಡವರು ಮಗ್ಗುಲು ಬದಲಿಸಿ ಕೂರುತ್ತಾರೆ.

ಪತ್ರಿಕೆ: ಅಂದರೆ ಎಂಡೆ ನಿಮ್ಮನ್ನು ಕಂಡುಹಿಡಿದರು ಅನ್ನಿ.

ಪಂಚ್: ಬಾಟಲಿಗೆ ತುಂಬಿಸಿದರು ಅನ್ನಿ. ನಾನು ಮೊದಲೇ ಇದ್ದೆ. ಅವರ ತಂದೆ ಎಡ್ಗರ್ ಎಂಡೆ ಚಿತ್ರಕಾರರು. ಕಲೆಯನ್ನು ಕಾಪಾಡುತ್ತೇವೆ ಎಂದ ನಾಜಿಗಳು ಅವರ ಕುಂಚವನ್ನೇ ನಿಲ್ಲಿಸಿದರು. ಮನೆಯಲ್ಲೇ ನನ್ನ ವಾಸನೆ ಕುಡಿದು ಬೆಳೆದ ಹುಡುಗ ಮಿಖಾಯೆಲ್. ಆಮೇಲೆ ಯುದ್ಧ ಮುಗಿದು ದೇಶ ಎರಡಾಯಿತು. ಪೂರ್ವದ ಅರ್ಧಕ್ಕೆ ಏನು ಹೆಸರಿಟ್ಟರು? ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯ. 1961ರಲ್ಲಿ ಬರ್ಲಿನ್ನಿನ ನಡುವೆ ಗೋಡೆ ಎಬ್ಬಿಸಿ, ಸ್ವಂತ ಜನ ಹೊರಗೆ ಓಡದ ಹಾಗೆ ಕಾವಲು ಹಾಕಿದರಲ್ಲ, ಸರ್ಕಾರಿ ಕಾಗದದಲ್ಲಿ ಅದಕ್ಕೆ 'ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ' ಅಂತ ಹೆಸರು. ಅಂಥ ತಯಾರಿ ಕಂಡರೆ ನನಗೂ ಅಸೂಯೆ. ನಾನು ಪುಸ್ತಕವಾಗಿ ಬಂದ ವರ್ಷವೇ ಆ ಗೋಡೆ ಬಿತ್ತು. ಜಾಹೀರಾತಿಗೆ ಒಳ್ಳೆ ಕಾಲ, ವ್ಯಾಪಾರಕ್ಕೆ ಕೆಟ್ಟ ಕಾಲ.

ಪತ್ರಿಕೆ: ಪಶ್ಚಿಮದಲ್ಲಿ ನಿಮಗೆ ಕೆಲಸ ಇರಲಿಲ್ಲವೇ?

ಪಂಚ್: ಇರದೇ ಏನು! ಎಂಬತ್ತರ ದಶಕ ನನ್ನ ಸುಗ್ಗಿ. ಕಲ್ಲಿದ್ದಲ ಹೊಗೆಯ ಗಂಧಕ ಮೋಡಕ್ಕೆ ಸೇರಿ ಆಮ್ಲಮಳೆ ಸುರಿದು, ಜರ್ಮನಿಯ ಕಪ್ಪುಕಾಡಿನ (ಬ್ಲ್ಯಾಕ್ ಫಾರೆಸ್ಟ್) ಫರ್ ಮರಗಳು ತುದಿಯಿಂದ ಬೋಳಾಗುತ್ತಿದ್ದವು. 1983ರಲ್ಲಿ ಗ್ರೀನ್ ಪಕ್ಷದವರು ಮೊದಲ ಸಲ ಗೆದ್ದು ಸಂಸತ್ತಿಗೆ ಬರುವಾಗ ಒಣಗಿದ ಮರವನ್ನೇ ಹಿಡಿದುಕೊಂಡು ಬಂದರು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರು ಅಲ್ಲಿದ್ದ ಕೀಟನಾಶಕವನ್ನೆಲ್ಲ ಹೊತ್ತುಕೊಂಡು ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು. ಹಾವುಮೀನುಗಳು ನೂರಾರು ಕಿಲೋಮೀಟರ್ ಉದ್ದಕ್ಕೂ ಸತ್ತು ತೇಲಿದವು. ಅದೇ ವರ್ಷ ಚೆರ್ನೋಬಿಲ್ ಅಣುಸ್ಥಾವರ ದುರಂತದ ವಿಕಿರಣ ಮೋಡ ಜರ್ಮನಿಯ ಬವೇರಿಯಾದ ಅಣಬೆ ಮೇಲೆ ಇಳಿದಿತ್ತು. ಇದಾಗಿ ಮೂರು ವರ್ಷಕ್ಕೆ ಎಂಡೆ ನನ್ನ ಕಥೆ ಬರೆದರು. ಓದುವ ಮಕ್ಕಳಿಗೆ ನರಕದ ಕರಾರುಪತ್ರ ಓದಿದಾಗ ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅಪ್ಪಂದಿರು ಬೆಳಿಗ್ಗೆ ಪತ್ರಿಕೆಯಲ್ಲಿ ಓದುತ್ತಿದ್ದದ್ದೂ ಅದನ್ನೇ.

ಪತ್ರಿಕೆ: ಆದರೆ ಕಾಡು ಸಾಯಲಿಲ್ಲವಲ್ಲ.

ಪಂಚ್: ಗಾಯದ ಮೇಲೆ ಉಪ್ಪು ಹಾಕಬೇಡಿ. 1983ರಲ್ಲೇ ಒಂದು ನಿಯಮ ತಂದು, ದೊಡ್ಡ ವಿದ್ಯುತ್ ಸ್ಥಾವರಗಳ ಚಿಮಣಿಯಲ್ಲಿ ಗಂಧಕ ಹಿಡಿದಿಡುವ ಯಂತ್ರ ಕೂರಿಸಲೇಬೇಕು ಅಂದರು. ಕೂರಿಸಿಯೇಬಿಟ್ಟರು! ರೈನ್ ವಿಷಯದಲ್ಲಿ 1987ರಲ್ಲಿ ದಂಡೆಯ ದೇಶಗಳೆಲ್ಲ ಕೂತು, 2000ದ ಹೊತ್ತಿಗೆ ಸಾಲ್ಮನ್ ಮೀನು ವಾಪಸ್ ಬರಬೇಕು ಅಂತ ಬರೆದುಕೊಂಡರು. ನಾನು ನಕ್ಕೆ. ಇದು ನಮ್ಮ ತರಹದ್ದೇ ಬಯಕೆ, ತಿರುವುಮುರುವು ಆಗೇ ಆಗುತ್ತೆ ಅಂತ ಕಾದು ಕೂತೆ. ತೊಂಬತ್ತರ ದಶಕದಲ್ಲೇ ಮೀನು ಬಂತು. ಜನ ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಟ್ಟರೆ ನಮ್ಮಂಥವರು ಬದುಕೋದು ಹೇಗೆ?

ಪತ್ರಿಕೆ: ಆಮೇಲೆ ಬೇರೆ ಗಿರಾಕಿಗಳು ಸಿಕ್ಕಲಿಲ್ಲವೇ?

ಪಂಚ್: ವೋಲ್ಫ್ಸ್‌ಬುರ್ಗ್ ಹೆಸರು ಕೇಳಿದ್ದೀರಾ? ಫೋಕ್ಸ್‌ವ್ಯಾಗನ್ ಕಂಪನಿಯ ಊರು. ಶುದ್ಧ ಡೀಸೆಲ್ ಅಂತ ಕಾರು ಮಾರುತ್ತಿದ್ದರು. ಕಾರಿನೊಳಗೆ ಒಂದು ಸಾಫ್ಟ್‌ವೇರ್ ಇಟ್ಟಿದ್ದರು. ತನ್ನನ್ನು ಪರೀಕ್ಷೆಗೆ ನಿಲ್ಲಿಸಿದ್ದಾರೆ ಅಂತ ಅದಕ್ಕೆ ಗೊತ್ತಾಗುತ್ತಿತ್ತು. ಆಗ ಹೊಗೆ ಸಾಧುವಾಗಿ ಬರುತ್ತಿತ್ತು. ರಸ್ತೆಗೆ ಇಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟಿನವರೆಗೂ ಹೋಗುತ್ತಿತ್ತು ಅಂತ ಅಮೆರಿಕದ ಪರಿಸರ ಇಲಾಖೆ ಹೇಳಿತು. 2015ರಲ್ಲಿ ಒಪ್ಪಿಕೊಂಡರು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ನಾನು ಕೂತಲ್ಲೇ ಎದ್ದು ನಿಂತು ನಮಸ್ಕಾರ ಮಾಡಿದೆ. ಬೆಕ್ಕು ನೋಡುವಾಗ ಒಂದು, ಬೆಕ್ಕು ನೋಡದಾಗ ಇನ್ನೊಂದು. ನನ್ನ ಸುರುಳಿಯ ಎರಡು ತುಂಡೂ ಅವರಿಗೆ ಎಲ್ಲಿ ಸಿಕ್ಕಿತೋ!

ಪತ್ರಿಕೆ: ಇಷ್ಟು ಪ್ರಚಂಡರಾದ ನೀವು ಆ ರಾತ್ರಿ ಸೋತದ್ದು ಹೇಗೆ?

ಪಂಚ್: (ಬಹಳ ಹೊತ್ತು ಸುಮ್ಮನಿದ್ದು) ನನಗೆ ಒಂದು ಗಡುವು ಉಂಟು. ಹೊಸ ವರ್ಷದ ಗಂಟೆಯ ಮೊದಲ ನಾದ ಕಿವಿಗೆ ಬೀಳುವ ಮುಂಚೆ ನನ್ನನ್ನು ಪೂರ್ತಿ ಕುಡಿದು ಮುಗಿಸಬೇಕು. ಆ ನಾದ ಬಿದ್ದರೆ ತಿರುವುಮುರುವು ಮಾಡುವ ಶಕ್ತಿ ಹೋಗುತ್ತೆ. ಆಮೇಲೆ ಹೇಳಿದ್ದು ಹೇಳಿದ ಹಾಗೇ ನಡೆಯುತ್ತೆ. ಆ ಬೊಜ್ಜಿನ ಬೆಕ್ಕು, ಕೀಲುನೋವಿನ ಕಾಗೆ ಚಳಿಯಲ್ಲಿ ಚರ್ಚಿನ ಗೋಪುರ ಹತ್ತಿದವು. ಅಲ್ಲಿ ಸಂತ ಸಿಲ್ವೆಸ್ಟರನ ಕಲ್ಲಿನ ಪ್ರತಿಮೆ. ಕ್ರಿ.ಶ. 335ರ ಡಿಸೆಂಬರ್ 31ರಂದು ತೀರಿಕೊಂಡ ಪೋಪ್ ಆತ. ಅದಕ್ಕೇ ಜರ್ಮನರು ವರ್ಷದ ಕೊನೆಯ ದಿನವನ್ನೇ ಸಿಲ್ವೆಸ್ಟರ್ ಅಂತ ಕರೆಯೋದು. ಆತ ಎದ್ದು ಬಂದು, ಇನ್ನೂ ಬಾರಿಸದ ಗಂಟೆಯಿಂದ ಒಂದು ನಾದವನ್ನು ಮುಂಗಡವಾಗಿ ತೆಗೆದು ಕೊಟ್ಟ. ಇವು ತಂದು ಗುಟ್ಟಾಗಿ ನನ್ನೊಳಗೆ ಹಾಕಿದವು. ಇತ್ತ ಅತ್ತೆ, ಅಳಿಯ ಕುಡಿದು ತೂರಾಡುತ್ತಾ ಕಾಡು ಚಿಗುರಲಿ, ನದಿ ತಿಳಿಯಾಗಲಿ, ಪ್ರಾಣಿಗಳು ಬಾಳಲಿ ಅಂತ ಹಾರೈಸಿದ್ದೇ ಹಾರೈಸಿದ್ದು. ಎಲ್ಲ ನಿಜವಾಯಿತು.

ಪತ್ರಿಕೆ: ಕೊನೆಗೆ ಇಬ್ಬರೂ ಸುಂದರರಾಗಿ, ಸಜ್ಜನರಾಗಿ ಬದಲಾಗುತ್ತಾರಲ್ಲ. ನನಗೆ ಅದು ಸ್ವಲ್ಪ ಹೆಚ್ಚೇ ಸಿಹಿಯಾಯಿತು ಅನ್ನಿಸಿತು. ನಿಮ್ಮನ್ನು ಕಾಯಿಸುವ ಪುಟಗಳೂ ಉದ್ದವಾದವು. ಅತ್ತೆ, ಅಳಿಯ ಮುಖಾಮುಖಿಯಾಗಿ ಸುಳ್ಳು ಹೇಳಿಕೊಳ್ಳುವ ಪುಟಗಳ ರುಚಿ ಅಲ್ಲಿಲ್ಲ.

ಪಂಚ್: ವಿಮರ್ಶೆಯೋ? ನನ್ನ ತಯಾರಿಯ ಪುಟಗಳೇ ಕಾದಂಬರಿಯ ಜೀವಾಳ ಎಂದು ನನ್ನ ಅಭಿಪ್ರಾಯ, ಅದು ನಿಷ್ಪಕ್ಷಪಾತ ಅಭಿಪ್ರಾಯ. ಆದರೆ ಅವರು ಸಜ್ಜನರಾದದ್ದು ಪಶ್ಚಾತ್ತಾಪದಿಂದ ಅಂದುಕೊಂಡಿರಾ? ಒಬ್ಬರನ್ನೊಬ್ಬರು ಮುಗಿಸಬೇಕು ಅಂತಲೇ ನಿನಗೆ ಯೌವನ ಬರಲಿ, ನಿನ್ನ ಮನಸ್ಸು ಶುದ್ಧವಾಗಲಿ ಅಂತ ಹಾರೈಸಿದರು. ಹಾಗೇ ಆಗಿಬಿಟ್ಟಿತು. ಸಜ್ಜನಿಕೆ ಅವರಿಗೆ ಅಪಘಾತದಲ್ಲಿ ಆದದ್ದು. ಅಮೀನನಿಗೆ ಅದೂ ಲೆಕ್ಕಕ್ಕಿಲ್ಲ, ಹನ್ನೆರಡಕ್ಕೆ ಬಂದು ಹೊತ್ತುಕೊಂಡು ಹೋದ.

ಪತ್ರಿಕೆ: ಟಿವಿಯಲ್ಲೂ ಬಂದಿರಿ.

ಪಂಚ್: ಕಾರ್ಟೂನು ಧಾರಾವಾಹಿ. ವಾರ ವಾರ ಒಂದು ಮಂತ್ರ, ವಾರ ವಾರ ಬೆಕ್ಕು, ಕಾಗೆ ಬಿಡಿಸೋದು. ಅದರ ಬಗ್ಗೆ ಹೇಳೋದೇನಿಲ್ಲ.

ಪತ್ರಿಕೆ: ಈಗ ಉಳಿದಿರುವ ಅರ್ಧ ಸೌಟಿನಲ್ಲಿ ಯಾವ ಶಕ್ತಿ ಇದೆ? ಹಳೆಯದೋ, ಗಂಟೆ ನಾದ ಬಿದ್ದ ಮೇಲಿನದೋ?

ಪಂಚ್: ಅದೇ ನನ್ನ ಚಿಂತೆ. ನಾದ ತಳದವರೆಗೂ ಇಳಿಯಿತೋ, ಮೇಲೆಯೇ ಕರಗಿತೋ, ಯಾರೂ ಕುಡಿದು ನೋಡಿಲ್ಲ. ಬೇಕಾದರೆ ಈಗಲೇ ನೋಡೋಣ. ನಿಮ್ಮ ಪತ್ರಿಕೆಗೆ ಲಕ್ಷ ಲಕ್ಷ ಚಂದಾದಾರರು...

ಪತ್ರಿಕೆ: ದಯವಿಟ್ಟು ಬೇಡ! ಇರುವವರು ಇರಲಿ.

ಪಂಚ್: ಹೆದರಬೇಡಿ, ಬರೀ ಮಾತಿಗೆ ನಾನು ಏಳೋದಿಲ್ಲ. ಬಯಕೆಯನ್ನು ಪ್ರಾಸ ಕಟ್ಟಿ ಹೇಳಬೇಕು. ನನ್ನ ದೊಡ್ಡ ತೊಂದರೆ ಅದೇ. ಮೊನ್ನೆ ಬರ್ಲಿನ್ನಿಂದ ಕೆಲವರು ಬಂದಿದ್ದರು, ಭಾಷಣ ಬರೆದುಕೊಡುವ ಜನ. ಒಳ್ಳೆಯ ಬಯಕೆ ರಾಶಿ ರಾಶಿ ತಂದಿದ್ದರು. ಸುಸ್ಥಿರತೆ, ಹೊಣೆಗಾರಿಕೆ, ಮುಂದಿನ ಪೀಳಿಗೆ. ಒಂದಕ್ಕೂ ಪ್ರಾಸವಿಲ್ಲ. ಗುಳ್ಳೆ ಕೂಡ ಏಳಲಿಲ್ಲ. ನಿಮ್ಮ ಭಾಷೆಯಲ್ಲಿ ಪ್ರಾಸ ಉಂಟೇ?

ಪತ್ರಿಕೆ: ನಮ್ಮ ಹಳೆಯ ಕವಿಗಳಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೇ ಪ್ರಾಸ ಬೇಕಿತ್ತು.

ಪಂಚ್: ಹಳಬರು ಬೇಡ. ಈಗಿನವರು? ಅಧಿಕಾರದಲ್ಲಿ ಇರುವವರು, ಇಲ್ಲವೇ ಅವರ ಹಿಂದೆ ಮುಂದೆ ಓಡಾಡುವವರು?

ಪತ್ರಿಕೆ: ನಮ್ಮಲ್ಲಿ ಅಂಥವರ ಹುಟ್ಟುಹಬ್ಬ ಬಂದರೆ ಸರ್ಕಲ್ಲಿಗೊಂದು ಫ್ಲೆಕ್ಸ್ ನಿಲ್ಲುತ್ತದೆ. ಅದರ ತುಂಬ ಪ್ರಾಸವೇ. ಅಭಿವೃದ್ಧಿಯ ಹರಿಕಾರ, ಬಡವರ ನೇತಾರ, ಕೆರೆಗಳ ರಕ್ಷಣೆಯ ಸರದಾರ...

ಪಂಚ್: (ಬೋಗುಣಿಯಲ್ಲಿ ಒಮ್ಮೆಲೇ ಕುದಿ ಬಂದು) ಇನ್ನೊಮ್ಮೆ ಹೇಳಿ, ಸ್ವಲ್ಪ ನಿಧಾನವಾಗಿ. ಯಾವ ಕೆರೆ? ವಿಳಾಸ ಏನು?

ಪತ್ರಿಕೆ: ನಮಸ್ಕಾರ, ಬರುತ್ತೇನೆ. ಇದರ ಮುಚ್ಚಳ ಎಲ್ಲಿದೆ?