ಕುರಿಂಜಿಗೊಂದು ಕೆಟಗರಿ

ಈ ದೇಶದಲ್ಲಿ ಕೆಟಗರಿ ಇಲ್ಲದೆ ಬಾಳುವುದು ಕಷ್ಟ. ಕೊನೆಗೂ 2024ರಲ್ಲಿ ನೀಲಕುರಿಂಜಿಗೂ ಒಂದು ಕೆಟಗರಿ ದಕ್ಕಿತು. ಐಯುಸಿಎನ್ ಎಂಬ ಜಾಗತಿಕ ಸಂಸ್ಥೆ ತನ್ನ ಕೆಂಪು ಪಟ್ಟಿಯಲ್ಲಿ ಈ ಗಿಡವನ್ನು 'ವಲ್ನರಬಲ್' ಎಂದು ನಮೂದಿಸಿತು. ಇನ್ನೂ ಸತ್ತಿಲ್ಲ, ಹೀಗೇ ಬಿಟ್ಟರೆ ಸಾಯುತ್ತದೆ ಎಂದು ತಾತ್ಪರ್ಯ. ಇದರ ಮೇಲಿನ ದರ್ಜೆ 'ಎಂಡೇಂಜರ್ಡ್', ಅದರ ಮೇಲೆ 'ಕ್ರಿಟಿಕಲಿ ಎಂಡೇಂಜರ್ಡ್'. ನಮ್ಮ ಕಡೆಯಿಂದ ಪ್ರಯತ್ನಕ್ಕೇನೂ ಕೊರತೆಯಿಲ್ಲ. ಬಡ್ತಿ ಸಿಗುವ ಲಕ್ಷಣಗಳು ಢಾಳಾಗಿವೆ.

ದಿಲ್ಲಿಯವರೂ ಸುಮ್ಮನೆ ಕೂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಮೊದಲು ಇದ್ದದ್ದು ಆರೇ ಆರು ಸಸ್ಯ. 2022ರ ತಿದ್ದುಪಡಿಯಲ್ಲಿ ಪಟ್ಟಿ ಬೆಳೆಯಿತು, ಕುರಿಂಜಿ ಮೂರನೇ ಶೆಡ್ಯೂಲಿಗೆ ಸೇರಿತು. ಕಿತ್ತವರಿಗೆ ಮೂರು ವರ್ಷದವರೆಗೆ ಜೈಲು! ಕೇಳುವುದಕ್ಕೇ ಎಷ್ಟು ಹಿತ. ಆದರೆ ಕಾಯ್ದೆಯ 17ಎ ಕಲಮನ್ನು ಕನ್ನಡಕ ಏರಿಸಿಕೊಂಡು ಓದಬೇಕು. ಕೀಳಬಾರದು, ಬೇರುಸಹಿತ ಕಿತ್ತೆಸೆಯಬಾರದು, ಹಾಳುಗೆಡವಬಾರದು ಎಂಬ ನಿಷೇಧವೆಲ್ಲ ಅರಣ್ಯ ಭೂಮಿಗೆ, ಮತ್ತು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಕ್ಕೆ. ಹೂವು ಬುದ್ಧಿವಂತಿಕೆಯಿಂದ ಅರಣ್ಯದ ಗಡಿಕಲ್ಲಿನ ಒಳಗಡೆ ಅರಳಬೇಕು. ಕಲ್ಲಿನಿಂದ ಒಂದು ಮಾರು ಆಚೆ, ಕಂದಾಯದ ನೆಲದಲ್ಲಿ ಅರಳಿದರೆ, ಅದರ ಹಣೆಬರಹ ಗ್ರಾಮ ಆಡಳಿತಾಧಿಕಾರಿಯ ಕೈಯಲ್ಲಿ.

ಅಲ್ಲಿಗೆ ಹೋದರೆ ಇನ್ನೊಂದು ತೊಡಕು. ಕೆಟಗರಿ ಸರ್ಟಿಫಿಕೇಟ್ ಇದೆ, ಪಹಣಿ ಇಲ್ಲ. ಕುರಿಂಜಿ ಬೆಳೆಯುವುದು ಸಮುದ್ರಮಟ್ಟದಿಂದ ಸುಮಾರು 1,340ರಿಂದ 2,600 ಮೀಟರ್ ಎತ್ತರದ ಶೋಲಾ ಹುಲ್ಲುಗಾವಲುಗಳಲ್ಲಿ. ಕರ್ನಾಟಕ, ಕೇರಳ, ತಮಿಳುನಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಆ ನೆಲಕ್ಕೆ ನಮ್ಮ ದಾಖಲೆಯಲ್ಲಿರುವ ಹೆಸರುಗಳನ್ನು ನೋಡಿ: ಗೋಮಾಳ, ಖರಾಬು, ಬಂಜರು. ಕೇಂದ್ರ ಸರ್ಕಾರ 'ವೇಸ್ಟ್‌ಲ್ಯಾಂಡ್ ಅಟ್ಲಾಸ್' ಎಂಬ ದಪ್ಪ ಪುಸ್ತಕವನ್ನೇ ತರುತ್ತದೆ. ಮರವಿಲ್ಲದ ಕುರುಚಲು, ಹುಲ್ಲುನೆಲಗಳೂ ಅದರಲ್ಲಿ ಪಾಳುಭೂಮಿಯ ಲೆಕ್ಕಕ್ಕೆ ಬಿದ್ದಿವೆ. ಒಂದು ಇಲಾಖೆ ಪ್ರಕಾರ ಅಮೂಲ್ಯ ಸಸ್ಯ, ಇನ್ನೊಂದು ಇಲಾಖೆ ಪ್ರಕಾರ ಅದು ನಿಂತ ಜಾಗ ದಂಡ.

ಕುರಿಂಜಿ ಮಾಡಿದ ದೊಡ್ಡ ತಪ್ಪೆಂದರೆ ಫಾರಂ 57 ಹಾಕದಿದ್ದದ್ದು. 2005ರ ಜನವರಿ 1ಕ್ಕೆ ಮೊದಲು ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುತ್ತಿದ್ದವರು ಅರ್ಜಿ ಕೊಟ್ಟಿದ್ದರೆ ಬಗರ್‌ಹುಕುಂ ಸಮಿತಿ ಪರಿಶೀಲಿಸಿ ಸಕ್ರಮ ಮಾಡಿಕೊಡುತ್ತದಲ್ಲ? ಕುರಿಂಜಿಯಂತೂ ಸಾವಿರಾರು ವರ್ಷದಿಂದ ಅಲ್ಲೇ ಇದೆ. ಆದರೆ ಸ್ಥಳ ತನಿಖೆಗೆ ಬಂದವರಿಗೆ ಏನು ತೋರಿಸುತ್ತೀರಿ? ಹನ್ನೊಂದು ವರ್ಷ ಅದು ಬರೀ ಹಸಿರು ಪೊದೆ. ಎಲೆಯಂಚಿನ ಗರಗಸದಂಥ ಹಲ್ಲು ಬಿಟ್ಟರೆ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. 'ಸ್ಥಳದಲ್ಲಿ ಬೆಳೆ ಕಂಡುಬಂದಿರುವುದಿಲ್ಲ' ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಆ ಸಮಿತಿಗೆ ಅಧ್ಯಕ್ಷರು ಶಾಸಕರು. ಶಾಸಕರಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ, ಇದು ಅರಳುವುದು ಹನ್ನೆರಡು ವರ್ಷಕ್ಕೊಮ್ಮೆ. ಮತವೂ ಇಲ್ಲ, ಸಮಯಪ್ರಜ್ಞೆಯೂ ಇಲ್ಲ.

ಅಂದಹಾಗೆ, ಹೂವು ಹನ್ನೆರಡು ವರ್ಷಕ್ಕೊಮ್ಮೆ ಅರಳಿದರೂ ಆ ಸುದ್ದಿ ಮಾತ್ರ ನಮ್ಮಲ್ಲಿ ವರ್ಷ ವರ್ಷ ಅರಳುತ್ತದೆ. ಘಟ್ಟದಲ್ಲಿ ಕುರಿಂಜಿಯ ದಾಯಾದಿಗಳು ಹತ್ತಾರು ಜಾತಿ, ಒಂದೊಂದಕ್ಕೂ ಬೇರೆ ಬೇರೆ ಪಂಚಾಂಗ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿನಲ್ಲಿ ಬೆಟ್ಟ ನೀಲಿಯಾಯಿತೆಂದು ಫೋಟೊ ಬಂದದ್ದೇ ತಡ, ಘಟ್ಟದ ರಸ್ತೆಯಲ್ಲಿ ಕಾರುಗಳ ಸಾಲು. ಹೂವಿನ ನಡುವೆ ಮಲಗಿ ರೀಲ್ಸ್, ಕಿತ್ತು ಮುಡಿದು ಸೆಲ್ಫಿ, ಮದುವೆಗೆ ಮುಂಚಿನ ಫೋಟೊಶೂಟು. ಗಂಟೆಯಾಕಾರದ ಆ ನೀಲಿ ಹೂವು ಗಿಡದ ಪಾಲಿಗೆ ಮೊದಲನೆಯದೂ ಹೌದು, ಕೊನೆಯದೂ ಹೌದು. ಒಮ್ಮೆ ಅರಳಿ, ಬೀಜ ಕಟ್ಟಿ, ಒಣಗಿ ಸಾಯುವ ಜಾತಿ ಅದು. ಕಾಯಿಯೊಳಗಿರುವುದು ಬೆರಳೆಣಿಕೆಯ ಬೀಜ. ಜೇನುನೊಣ ಬಂದು ಹೋಗಿ, ಆ ಬೀಜ ಬಲಿತು ನೆಲಕ್ಕೆ ಬಿದ್ದರೆ ಮುಂದಿನ ಹನ್ನೆರಡು ವರ್ಷಕ್ಕೆ ವಂಶವುಂಟು. ಕಿತ್ತು ಮುಡಿದವರು ವಂಶವನ್ನೇ ಮುಡಿದುಕೊಂಡು ಇಳಿಯುತ್ತಾರೆ, ಸಂಜೆಗೆ ಘಟ್ಟದ ತಿರುವಿನಲ್ಲಿ ಎಸೆಯುತ್ತಾರೆ.

ಹಾಗೆಂದು ಪ್ರವಾಸಿಗರನ್ನಷ್ಟೇ ಬೈದು ಕೈತೊಳೆದುಕೊಳ್ಳುವುದು ಸುಲಭ. ಹೂ ಕೀಳುವವರು ಒಂದು ಹಿಡಿ ಕೀಳುತ್ತಾರೆ, ಜೆಸಿಬಿ ಗುಡ್ಡವನ್ನೇ ಕೀಳುತ್ತದೆ. ಕುರಿಂಜಿಯ ನೆಲೆಯಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಈಗಾಗಲೇ ಹೋಗಿದೆ ಎನ್ನುತ್ತದೆ ಕೆಂಪು ಪಟ್ಟಿಯ ಲೆಕ್ಕ. ಹೋದದ್ದು ಎಲ್ಲಿಗೆ? ಚಹಾ ತೋಟಕ್ಕೆ, ನೀಲಗಿರಿ ನೆಡುತೋಪಿಗೆ, ಕಟ್ಟಡಕ್ಕೆ. ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಹಸಿರು ಪ್ರೇಮಿಗಳ ಪಾಲು. ಮರವಿಲ್ಲದ ಗುಡ್ಡ ಕಂಡರೆ ನಮ್ಮವರ ಕರುಳು ಚುರ್ ಎನ್ನುತ್ತದೆ. ಬ್ರಿಟಿಷರು ನೀಲಗಿರಿ ಬೆಟ್ಟಗಳಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ ನೆಟ್ಟರು, ನಾವು ಮಲೆನಾಡಿನ ಬೋಳುಗುಡ್ಡಗಳ ಮೇಲೆ ಅಕೇಶಿಯಾ ನೆಟ್ಟೆವು. ವನಮಹೋತ್ಸವದಲ್ಲಿ ಗುಂಡಿ ತೋಡಿ ಸಸಿ ಇಟ್ಟು ಫೋಟೊ ತೆಗೆಸಿಕೊಂಡವರಿಗೆ, ಗುಂಡಿಯಿಂದ ಎತ್ತಿ ಬಿಸಾಡಿದ ಪೊದೆ ಯಾವುದೆಂದು ಕೇಳಬೇಡಿ. ಅದು ಕಳೆ.

ಕೇರಳದವರು 2006ರಲ್ಲಿ ಇಡುಕ್ಕಿಯ ವಟ್ಟವಡ, ಕೊಟ್ಟಕಾಂಬೂರಿನಲ್ಲಿ ಈ ಹೂವಿಗೆಂದೇ ಕುರಿಂಜಿಮಲ ಅಭಯಾರಣ್ಯ ಘೋಷಿಸಿದರು. ಗಡಿ ಎಲ್ಲಿ, ಪಟ್ಟಾ ಯಾರದು ಎಂಬ ತಕರಾರು ಅಲ್ಲಿಂದಲೇ ಶುರು. 2018ರಲ್ಲಿ ಕುರಿಂಜಿ ಅರಳಿ ಉದುರುವ ಹೊತ್ತಿಗೂ ತಕರಾರು ಉದುರಲಿಲ್ಲ. ಆ ವರ್ಷದ ಮಹಾಮಳೆ ರಸ್ತೆಗಳನ್ನು ಕೊಚ್ಚಿ ಪ್ರವಾಸಿಗರನ್ನು ಸಾಕಷ್ಟು ತಡೆಯಿತು. ಹೂವಿನ ಪಾಲಿಗೆ ಇದುವರೆಗಿನ ಅತ್ಯಂತ ಪರಿಣಾಮಕಾರಿ ಸಂರಕ್ಷಣಾ ಕ್ರಮ ಅದೇ ಇರಬೇಕು.

ಮುನ್ನಾರಿನ ಕುರಿಂಜಿ ಮತ್ತೆ ಅರಳಬೇಕಾದದ್ದು 2030ರಲ್ಲಿ. ಅಷ್ಟರೊಳಗೆ ಮಾಡಬೇಕಾದ ಕೆಲಸಕ್ಕೆ ಹೊಸ ಕೆಟಗರಿ ಬೇಕಿಲ್ಲ: ಕಂದಾಯದ ನೆಲದಲ್ಲಿರುವ ಕುರಿಂಜಿಗೂ 17ಎ ಅಡಿ ಅಧಿಸೂಚನೆ ಹೊರಡಿಸುವುದು, ಪಹಣಿಯಲ್ಲಿ ಹುಲ್ಲುಗಾವಲನ್ನು ಹುಲ್ಲುಗಾವಲೆಂದೇ ಬರೆಯುವುದು. ನಿಮ್ಮ ಪಾಲಿಗೂ ಒಂದಿಷ್ಟಿದೆ. ಬೆಟ್ಟಕ್ಕೆ ಹೋದರೆ ದಾರಿ ಬಿಟ್ಟು ಇಳಿಯಬೇಡಿ, ಹೂ ಮುಟ್ಟಬೇಡಿ. ರಾತ್ರಿ ಹೋಮ್‌ಸ್ಟೇಯಲ್ಲಿ ಅಕ್ಕಿರೊಟ್ಟಿ ತಿನ್ನುವಾಗ ಮಾಲೀಕರನ್ನು ಒಂದು ಮಾತು ಕೇಳಿ: ಈ ಸರ್ವೆ ನಂಬರಿನಲ್ಲಿ ಮೊದಲು ಏನಿತ್ತು?